ಮೊದಲ ತಪ್ಪು ಯಾರ ಕಣ್ಣಿನಲ್ಲಿ?

ತುಮಕೂರು ಜಿಲ್ಲೆಯ ಗೌಡಗೆರೆ ಹೋಬಳಿಯ ಊರುಗಳಲ್ಲಿ ಕಣ್ಣಿಗೆ ಪೊರೆ ಬಂದವರು ತಕ್ಷಣ ಆಸ್ಪತ್ರೆಗೆ ಹೋಗುವುದಿಲ್ಲ. ಕಡಲೆಕಾಯಿ ಕಿತ್ತು, ಒಣಗಿಸಿ, ಮಾರಿದ ಮೇಲೆ ನೋಡೋಣ ಎನ್ನುತ್ತಾರೆ. ಮೊಮ್ಮಗಳ ಮದುವೆ ಮುಗಿಯಲಿ, ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬರಲಿ, ಮಳೆಗಾಲ ಕಳೆಯಲಿ ಎಂದು ದಿನ ದೂಡುತ್ತಾರೆ. 'ಪೊರೆ ಇನ್ನೂ ಬಲಿತಿಲ್ಲ, ಬಲೀಲಿ ಬಿಡಿ' ಎಂಬ ಮಾತು ಇವತ್ತಿಗೂ ಕಟ್ಟೆಯ ಮೇಲೆ ಕೇಳಿಬರುತ್ತದೆ. ಒಂದು ಕಾಲದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು. ಈಗಿನ ಶಸ್ತ್ರಚಿಕಿತ್ಸೆಗೆ ಪೊರೆ ಬಲಿಯಬೇಕಾದ ಅಗತ್ಯವೇ ಇಲ್ಲ, ಆದರೂ ಮಾತು ಉಳಿದಿದೆ. ಹೀಗಾಗಿ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದ ಕಣ್ಣಿನ ಕ್ಯಾಂಪಿಗೆ ಬರುವವರಲ್ಲಿ ಎಷ್ಟೋ ಜನರ ಪೊರೆ ಪೂರ್ತಿ ಬೆಳ್ಳಗಾಗಿರುತ್ತದೆ, ಇಲ್ಲವೇ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಅಂಥ ಕಣ್ಣಿನ ಮೇಲೆ ಕೈಯಾಡಿಸುವುದು ಅನುಭವಿಗಳಿಗೂ ಸುಲಭವಲ್ಲ.

ಈ ಸೀಮೆಯ ಬಿಸಿಲನ್ನು ಹೊರಗಿನವರಿಗೆ ವಿವರಿಸಬೇಕಿಲ್ಲ. 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್‌ಗೆ ಪಾವಗಡದ ತಿರುಮಣಿಯನ್ನು ಆರಿಸಿಕೊಂಡದ್ದೇ ಆ ಬಿಸಿಲಿಗಾಗಿ. ಅದೇ ಬಿಸಿಲಲ್ಲಿ ನಲವತ್ತು ಐವತ್ತು ವರ್ಷ ಕಳೆ ಕಿತ್ತವರ, ಕುರಿ ಕಾಯ್ದವರ ಕಣ್ಣಿನ ಮಸೂರ ಬೇಗ ಮಂಕಾಗುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಸೂರ್ಯನ ನೇರಳಾತೀತ ಕಿರಣ ಎಲ್ಲವೂ ಪೊರೆಗೆ ಕಾರಣಗಳೇ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ, 50 ವರ್ಷ ದಾಟಿದವರಲ್ಲಿ ಕುರುಡುತನಕ್ಕೆ ಕಾರಣವಾಗುವ ತೊಂದರೆಗಳಲ್ಲಿ ಶೇ 66.2ರಷ್ಟು ಪಾಲು ಪೊರೆಯದೇ. ಇದು ಔಷಧಿಯಿಂದ ವಾಸಿಯಾಗದು. ಮಂಕಾದ ಮಸೂರ ತೆಗೆದು ಕೃತಕ ಲೆನ್ಸ್ ಹಾಕಬೇಕು, ಅಷ್ಟೆ. ನುರಿತ ಕೈಗೆ ಅದು ಹತ್ತು ನಿಮಿಷದ ಆಸುಪಾಸಿನ ಕೆಲಸ.

ಆ ಕೈ ನುರಿತದ್ದು ಹೇಗೆ? ಪ್ರತಿ ಕಣ್ಣಿನ ವೈದ್ಯರಿಗೂ ಮೊದಲನೆಯ ಆಪರೇಷನ್ ಎಂಬುದೊಂದು ಇದ್ದೇ ಇರುತ್ತದೆ. ಎರಡನೆಯದು, ಐದನೆಯದು, ಹತ್ತನೆಯದು ಇರುತ್ತದೆ. ಆ ಮೊದಲ ಹತ್ತರಲ್ಲಿ ಮಲಗಿದ್ದವರು ಯಾರು ಎಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ದುಡ್ಡಿದ್ದವರು ಹೆಸರು ವಿಚಾರಿಸಿ, ನಾಲ್ಕು ಜನರನ್ನು ಕೇಳಿ, ತಮಗೆ ಬೇಕಾದ ಡಾಕ್ಟರನ್ನು ಆರಿಸಿಕೊಳ್ಳುತ್ತಾರೆ. ಉಚಿತ ವಾರ್ಡಿನ ಮಂಚದಲ್ಲಿ ಮಲಗಿದ ಅಜ್ಜಿಗೆ ಆ ಆಯ್ಕೆ ಇಲ್ಲ. ದೇಶದ ಎಲ್ಲ ಕಡೆ, ಪ್ರಪಂಚದ ಬಹುಪಾಲು ಕಡೆ, ವೈದ್ಯವಿದ್ಯಾರ್ಥಿಗಳು ಶಸ್ತ್ರಚಿಕಿತ್ಸೆ ಕಲಿತದ್ದು ಬಡವರ ಮೈಮೇಲೆ. ಇದು ಯಾರೋ ಕೆಟ್ಟವರು ಹೂಡಿದ ಸಂಚಲ್ಲ. ಕಲಿಸುವ ಆಸ್ಪತ್ರೆಗೆ ಬರುವವರು ಬಡವರು, ಕಲಿಯದೆ ವೈದ್ಯರು ತಯಾರಾಗುವುದಿಲ್ಲ, ಹಾಗಾಗಿ ವ್ಯವಸ್ಥೆ ಅಲ್ಲಿಗೆ ಬಂದು ನಿಂತಿತು. ರೋಗಿಯ ಬದಲು ಕಂಪ್ಯೂಟರಿನ ಚಿತ್ರದ ಮೇಲೆ ಶಸ್ತ್ರಚಿಕಿತ್ಸೆ ಅಭ್ಯಾಸ ಮಾಡಿಸುವ, ವರ್ಚುವಲ್ ರಿಯಾಲಿಟಿ ಎಂದು ಕರೆಯುವ ಯಂತ್ರಗಳನ್ನು ನಾನು ನೋಡುವುದು ಈ ಕಡೆಯಿಂದ. ಅವು ಹೊಸದು, ಚೆಂದದ್ದು ಎಂಬ ಕಾರಣಕ್ಕೆ ನನಗೆ ಅವುಗಳ ಮೇಲೆ ಒಲವಿಲ್ಲ. ಮೊದಲ ತಪ್ಪುಗಳನ್ನು ಬಡವರ ಕಣ್ಣಿನಿಂದ ತೆಗೆದು ಬೇರೆಲ್ಲಾದರೂ ಇಡಲು ಸಾಧ್ಯವೇ ಎಂಬುದಷ್ಟೇ ನನಗೆ ಮುಖ್ಯ.

ಮೊದಲು ಆಪರೇಷನ್ ಏನೆಂದು ನೋಡಬೇಕು. ನಮ್ಮ ಕ್ಯಾಂಪುಗಳಲ್ಲಿ ಹೆಚ್ಚಾಗಿ ನಡೆಯುವುದು ಸಣ್ಣ ಗಾಯದ, ಹೊಲಿಗೆ ಇಲ್ಲದ ಪೊರೆ ಶಸ್ತ್ರಚಿಕಿತ್ಸೆ. ವೈದ್ಯರು ಅದನ್ನು ಎಸ್‌ಐಸಿಎಸ್ ಎನ್ನುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಶ್ರವಣಾತೀತ ತರಂಗದಿಂದ ಪೊರೆಯನ್ನು ಪುಡಿ ಮಾಡುವ ಫೇಕೊ ವಿಧಾನ ಇದೆ. ಅದಕ್ಕೆ ದುಬಾರಿ ಯಂತ್ರ ಬೇಕು, ಗಟ್ಟಿ ಪೊರೆಗೆ ಅದು ಅಷ್ಟು ಒಗ್ಗುವುದೂ ಇಲ್ಲ. ಎಸ್‌ಐಸಿಎಸ್‌ಗೆ ಬೇಕಾದದ್ದು ಸೂಕ್ಷ್ಮದರ್ಶಕ, ಕೆಲವು ಬ್ಲೇಡು, ಮತ್ತು ಕೈ. ರೋಗಿಗೆ ಎಚ್ಚರ ಇರುತ್ತದೆ. ಕಣ್ಣಿನ ಸುತ್ತ ಮಾತ್ರ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿರುತ್ತಾರೆ. ಕಣ್ಣಿನ ಬಿಳಿ ಭಾಗದಲ್ಲಿ ಸುಮಾರು 6 ಮಿಲಿಮೀಟರ್ ಅಗಲದ ಗೀರು ಹಾಕಿ, ಅಲ್ಲಿಂದ ಕಪ್ಪುಗುಡ್ಡೆಯ ಕಡೆಗೆ ಬಿಳಿಪದರದ ಒಳಗೇ ಒಂದು ಸುರಂಗ ಕೊರೆಯಬೇಕು. ಆ ಪದರದ ದಪ್ಪವೇ ಒಂದು ಮಿಲಿಮೀಟರಿಗಿಂತ ಕಡಿಮೆ; ಬ್ಲೇಡು ಅದರ ಅರ್ಧ ಆಳದಲ್ಲಿ ಸಾಗಬೇಕು. ತುಸು ಮೇಲೆ ಬಂದರೆ ಸುರಂಗದ ಚಾವಣಿ ತೂತಾಗುತ್ತದೆ. ತುಸು ಕೆಳಗಿಳಿದರೆ ಬೇಡದ ಜಾಗದಲ್ಲಿ ಕಣ್ಣಿನೊಳಗೆ ನುಗ್ಗಿಬಿಡುತ್ತದೆ. ಸುರಂಗ ಸರಿಯಾಗಿ ಬಂದರೆ ಕೊನೆಗೆ ಕಣ್ಣಿನ ಒಳ ಒತ್ತಡವೇ ಅದನ್ನು ಮುಚ್ಚುತ್ತದೆ, ಹೊಲಿಗೆ ಬೇಡ.

ಆಮೇಲೆ ಮಸೂರವನ್ನು ಸುತ್ತಿದ ತೆಳು ಚೀಲದ ಮುಂಭಾಗವನ್ನು ದುಂಡಗೆ ಬಿಡಿಸಬೇಕು, ನೀರು ಹಾಯಿಸಿ ಗಟ್ಟಿ ತಿರುಳನ್ನು ಸಡಿಲಿಸಬೇಕು, ಅದನ್ನು ಮುಂದಿನ ಕೋಣೆಗೆ ಹೊರಳಿಸಿ, ಸುರಂಗದ ಮೂಲಕ ಹೊರತರಬೇಕು. ಆ ಮುಂದಿನ ಕೋಣೆಯ ಆಳ ಸುಮಾರು 3 ಮಿಲಿಮೀಟರ್. ತಿರುಳು ಹೊರಬರುವಾಗ ಮೇಲಿರುವ ಪಾರದರ್ಶಕ ಪಟಲದ ಒಳಮೈಗೆ ಉಜ್ಜಿದರೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಕೆಳಗೆ ಚೀಲದ ಹಿಂಭಾಗದ ಪೊರೆ ಇದೆ. ಅದರ ದಪ್ಪ ನಡುವಿನಲ್ಲಿ ಸುಮಾರು 4 ಮೈಕ್ರಾನ್, ಅಂದರೆ ಒಂದು ತಲೆಗೂದಲಿನ ಹದಿನೈದು ಇಪ್ಪತ್ತನೆಯ ಒಂದು ಪಾಲು. ಅದು ಹರಿದರೆ ಹಿಂದಿರುವ ಲೋಳೆಯಂಥ ದ್ರವ್ಯ ಮುಂದೆ ನುಗ್ಗುತ್ತದೆ, ಲೆನ್ಸ್ ಕೂರಿಸಲು ಆಸರೆ ಇಲ್ಲವಾಗುತ್ತದೆ, ಮುಂದೆ ಅಕ್ಷಿಪಟಲ ಕಳಚುವ, ಸೋಂಕಾಗುವ ಅಪಾಯ ಹೆಚ್ಚುತ್ತದೆ. ಪೊರೆ ಶಸ್ತ್ರಚಿಕಿತ್ಸೆ ಕಲಿಯುವವರಿಗೆ ನಿದ್ದೆಗೆಡಿಸುವ ತಪ್ಪು ಇದೇ. ಮುಂದೆ ಅಂಕಿಗಳಲ್ಲಿ ಹೇಳುವಾಗ ಇದನ್ನು 'ಹಿಂಪೊರೆ ಹರಿತ' ಎನ್ನುತ್ತೇನೆ.

ಕರ್ನಾಟಕದಲ್ಲಿ ಈ ಕಲೆಯ ಮಾತು ಬಂದರೆ ಡಾ. ಎಂ.ಸಿ. ಮೋದಿಯವರ ಹೆಸರು ಹೇಳದೆ ಮುಂದೆ ಹೋಗಲಾಗದು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಮುರಿಗೆಪ್ಪ ಚನ್ನವೀರಪ್ಪ ಮೋದಿ 1943ರಿಂದ ಊರೂರು ಸುತ್ತಿ ಕಣ್ಣಿನ ಶಿಬಿರ ನಡೆಸಿದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಗೆ ಸೇರಿತು. 1993ರ ಹೊತ್ತಿಗೆ ಅವರ ಒಟ್ಟು ಶಸ್ತ್ರಚಿಕಿತ್ಸೆಗಳ ಲೆಕ್ಕ 6,10,564. ನಮ್ಮ ಹಿರಿಯರಿಗೆ ಕಣ್ಣಿನ ಡಾಕ್ಟರು ಎಂದರೆ ಮೋದಿಯವರೇ. ಆದರೆ ಅಂಥ ಕೈ ನೂರು ವರ್ಷಕ್ಕೊಂದು ಬರುತ್ತದೆ. ತಾಲ್ಲೂಕು ತಾಲ್ಲೂಕಿಗೆ ಬೇಕಾಗಿರುವುದು ಸಾಧಾರಣ ಪ್ರತಿಭೆಯ, ಆದರೆ ಸರಿಯಾಗಿ ಪಳಗಿದ ನೂರಾರು ವೈದ್ಯರು. ಪಾವಗಡದಲ್ಲಿ ಸ್ವಾಮಿ ಜಪಾನಂದರು ಕಟ್ಟಿದ ಶ್ರೀರಾಮಕೃಷ್ಣ ಸೇವಾಶ್ರಮ, ಕುಷ್ಠ ಮತ್ತು ಕ್ಷಯ ರೋಗಿಗಳ ಆರೈಕೆಯ ಜೊತೆಗೆ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಯನ್ನೂ ನಡೆಸುತ್ತಿದೆ. ಜಿಲ್ಲಾ ಕೇಂದ್ರದಿಂದ ಅಷ್ಟು ದೂರದ, ಮೂರು ಕಡೆ ಆಂಧ್ರ ಸುತ್ತುವರಿದ ಊರಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಸಿಗುವುದು ಎಂಥ ದೊಡ್ಡ ವಿಷಯ ಎಂದು ಅಲ್ಲಿಯವರಿಗೆ ಗೊತ್ತು. ಇಂಥ ಆಸ್ಪತ್ರೆಗಳಿಗೆ ನಾಳೆ ಬರಬೇಕಾದ ವೈದ್ಯರು ಇವತ್ತು ಎಲ್ಲೋ ಕಲಿಯುತ್ತಿದ್ದಾರೆ.

ಹೇಗೆ ಕಲಿಯುತ್ತಾರೆ? ಎಂಬಿಬಿಎಸ್ ಮುಗಿಸಿ ಮೂರು ವರ್ಷದ ಎಂಎಸ್‌ಗೆ ಸೇರಿದವರ ನಡುವೆ ಒಂದು ಮಾತು ಓಡಾಡುತ್ತದೆ: 'ಕಟಿಂಗ್ ಸಿಕ್ತಾ?' ಅಂದರೆ ಸ್ವಂತ ಕೈಯಲ್ಲಿ ಕೊಯ್ಯಲು ಅವಕಾಶ ಸಿಕ್ಕಿತೇ ಎಂದು. ಮೊದಲ ವರ್ಷ ನೋಡುವುದು, ಡ್ರಾಪ್ಸ್ ಹಾಕುವುದು, ಪಟ್ಟಿ ಬಿಚ್ಚುವುದು. ಆಮೇಲೆ ಒಂದೊಂದೇ ಹಂತ ಬಿಟ್ಟುಕೊಡುತ್ತಾರೆ. ಇವತ್ತು ಸುರಂಗ ಮಾತ್ರ, ಮುಂದಿನ ವಾರ ಲೆನ್ಸ್ ಕೂರಿಸುವುದು ಮಾತ್ರ. ಪಕ್ಕದಲ್ಲಿ ಹಿರಿಯರು ಇನ್ನೊಂದು ಕಣ್ಣುಕೊಳವೆಯಲ್ಲಿ ನೋಡುತ್ತಿರುತ್ತಾರೆ, ತಡವರಿಸಿದರೆ ಕೈಯಿಂದ ಉಪಕರಣ ತೆಗೆದುಕೊಳ್ಳುತ್ತಾರೆ. ಒಳ್ಳೆಯ ಗುರು ಸಿಕ್ಕಿದರೆ ಇದು ಒಳ್ಳೆಯ ಪದ್ಧತಿ. ಸಿಗದಿದ್ದರೆ ಮೂರು ವರ್ಷ ಮುಗಿಯುವ ಹೊತ್ತಿಗೆ ಬೆರಳೆಣಿಕೆಯ ಕೇಸುಗಳಷ್ಟೇ ಕೈಗೆ ಬಂದಿರುತ್ತವೆ. ಪದವಿ ಮಾತ್ರ ಎಲ್ಲರದೂ ಒಂದೇ. ಕೊರೊನಾ ಕಾಲದಲ್ಲಿ ತುರ್ತಲ್ಲದ ಶಸ್ತ್ರಚಿಕಿತ್ಸೆ ನಿಂತಾಗ ಆಗಿನ ತಂಡಗಳಿಗೆ ಆ ಬೆರಳೆಣಿಕೆಯೂ ಕಷ್ಟವಾಯಿತು.

ರೋಗಿಯ ಮೈ ಮುಟ್ಟುವ ಮೊದಲು ಬೇರೆ ವಸ್ತುವಿನ ಮೇಲೆ ಕೈ ಪಳಗಿಸಬೇಕೆಂಬ ವಿಚಾರ ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಕತ್ತರಿಸುವುದನ್ನು ಸೋರೆಕಾಯಿ, ಸೌತೆಕಾಯಿ, ಕಲ್ಲಂಗಡಿಯ ಮೇಲೆ ಕಲಿಯಬೇಕು. ಸೀಳುವುದನ್ನು ಕೆಸರುನೀರು ತುಂಬಿದ ಚರ್ಮದ ಚೀಲದ ಮೇಲೆ, ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳ ಮತ್ತು ತಾವರೆ ದಂಟಿನ ಮೇಲೆ, ಒಳಹೊಕ್ಕು ಹುಡುಕುವುದನ್ನು ಹುಳ ತಿಂದ ಮರದಲ್ಲಿ, ಹೊಲಿಯುವುದನ್ನು ಬಟ್ಟೆ ಮತ್ತು ಮೃದು ಚರ್ಮದ ಅಂಚಿನಲ್ಲಿ, ಪಟ್ಟಿ ಕಟ್ಟುವುದನ್ನು ಮನುಷ್ಯಾಕೃತಿಯ ಬೊಂಬೆಗೆ. ಶಾಸ್ತ್ರವೆಲ್ಲ ಓದಿದ್ದರೂ ಈ ಅಭ್ಯಾಸ ಮಾಡದವನು ಕೆಲಸಕ್ಕೆ ಯೋಗ್ಯನಲ್ಲ ಎಂಬುದು ಅಲ್ಲಿನ ನಿಲುವು. ಈ ವಸ್ತುಗಳ ಆಯ್ಕೆಯಲ್ಲಿ ಎಷ್ಟು ವಿವೇಕವಿದೆ ನೋಡಿ: ಪ್ರತಿ ಕೆಲಸಕ್ಕೂ ಕೈಗೆ ಸಿಗುವ ಸ್ಪರ್ಶ ಯಾವುದು ಎಂದು ಯೋಚಿಸಿ, ಅದೇ ಸ್ಪರ್ಶ ಕೊಡುವ ವಸ್ತುವನ್ನು ಹುಡುಕಿದ್ದಾರೆ. ಇವತ್ತಿನ ಯಂತ್ರ ತಯಾರಕರು ಪರದಾಡುವುದೂ ಆ ಸ್ಪರ್ಶಕ್ಕಾಗಿಯೇ. ಈಗಲೂ ನಮ್ಮ ಕಣ್ಣಾಸ್ಪತ್ರೆಗಳ ಅಭ್ಯಾಸದ ಕೋಣೆಯಲ್ಲಿ ಮೇಕೆಯ ಕಣ್ಣು ತಂದು ಕೊಯ್ದು ಕಲಿಯುತ್ತಾರೆ. ಸುರಂಗ ಕಲಿಯಲು ಅದು ಒಳ್ಳೆಯದು. ಆದರೆ ಮೇಕೆಯ ಕಣ್ಣಿನಲ್ಲಿ ಬಲಿತ ಪೊರೆ ಇರುವುದಿಲ್ಲ, ಒಂದು ಕಣ್ಣು ಒಂದೇ ಸಲಕ್ಕೆ ಮುಗಿಯುತ್ತದೆ, ಏನು ತಪ್ಪಾಯಿತೆಂದು ಅದು ಹೇಳುವುದೂ ಇಲ್ಲ.

ವಿಮಾನ ಹಾರಿಸುವವರು ಈ ಪ್ರಶ್ನೆಯನ್ನು ಬೇಗ ಬಿಡಿಸಿಕೊಂಡರು. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ನೆಲದ ಮೇಲೆಯೇ ಹಾರಾಟ ಕಲಿಸುವ ಪೆಟ್ಟಿಗೆ ಮಾಡಿದ. ಮೊದಲಿಗೆ ಅದನ್ನು ಕೊಂಡವರು ಕಡಿಮೆ. 1934ರಲ್ಲಿ ಅಂಚೆ ಸಾಗಿಸಲು ಹೊರಟ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತಾಗ ಸೇನೆ ಅದನ್ನು ಕೊಂಡಿತು. ವಿಮಾನ ಬಿದ್ದರೆ ಪೈಲಟ್ಟೂ ಸಾಯುತ್ತಾನೆ. ಶಸ್ತ್ರಚಿಕಿತ್ಸೆ ಕೆಟ್ಟರೆ ವೈದ್ಯರಿಗೆ ಹಾಗಾಗುವುದಿಲ್ಲ. ವೈದ್ಯರು ಇದೇ ದಾರಿಗೆ ಬರಲು ಇನ್ನೂ ಅರವತ್ತು ಎಪ್ಪತ್ತು ವರ್ಷ ಹಿಡಿದದ್ದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಪೊರೆ ಶಸ್ತ್ರಚಿಕಿತ್ಸೆಗೂ ವಿಮಾನಕ್ಕೂ ನಂಟು ಎರಡು ಸಲ ಬೆಳೆದಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಮುಚ್ಚಳದ ಅಕ್ರಿಲಿಕ್ ಚೂರು ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಕಂಡ ಹೆರಾಲ್ಡ್ ರಿಡ್ಲೆ, ಅದೇ ವಸ್ತುವಿನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಮೊದಲ ಬಾರಿಗೆ ಕಣ್ಣೊಳಗೆ ಕೂರಿಸಿದರು. ಎರಡನೆಯದು ಆಲ್ಬರ್ಟ್ ಯುಲ್ಚಿ ಎಂಬ ಪೈಲಟ್‌ನದು. 1951ರಲ್ಲಿ ಫ್ಲೈಟ್‌ಸೇಫ್ಟಿ ಎಂಬ ಸಂಸ್ಥೆ ಕಟ್ಟಿ, ಸಿಮ್ಯುಲೇಟರ್ ಎಂಬ ಅಂಥ ಯಂತ್ರಗಳಲ್ಲಿ ಸಾವಿರಾರು ಪೈಲಟ್‌ಗಳನ್ನು ತಯಾರು ಮಾಡಿದ ಇವರು, ಇಳಿವಯಸ್ಸಿನಲ್ಲಿ ಅದೇ ರೀತಿ ಪೊರೆ ಶಸ್ತ್ರಚಿಕಿತ್ಸಕರನ್ನೂ ತಯಾರು ಮಾಡಬಹುದೆಂದು ಹೆಲ್ಪ್‌ಮಿಸೀ ಎಂಬ ಸೇವಾಸಂಸ್ಥೆ ಸ್ಥಾಪಿಸಿದರು. ಅವರು ಆರಿಸಿಕೊಂಡದ್ದು ಶ್ರೀಮಂತ ದೇಶಗಳ ಫೇಕೊ ವಿಧಾನವನ್ನಲ್ಲ, ನಮ್ಮ ಕ್ಯಾಂಪುಗಳ ಎಸ್‌ಐಸಿಎಸ್ ಅನ್ನು. ಅದನ್ನು ಕಲಿಸಲು ಆ ಸಂಸ್ಥೆ ಮಾಡಿಸಿದ ಸಿಮ್ಯುಲೇಟರ್ ಇವತ್ತು ಮುಂಬೈಯಲ್ಲಿದೆ. ಭಾರತದ ಯುವ ವೈದ್ಯರು ಅದರ ಮುಂದೆ ಕೂತು ಕಲಿಯುತ್ತಿದ್ದಾರೆ.

ಅದರ ಮುಂದೆ ಕೂತವರಿಗೆ ಕಾಣುವುದು ಏನು? ಆಪರೇಷನ್ ಕೋಣೆಯಲ್ಲಿರುವಂಥದೇ ಕಣ್ಣುಕೊಳವೆ, ಅದರೊಳಗೆ ಆಳ ಅಗಲ ತೋರುವ ಒಂದು ಕಣ್ಣು. ಕೈಯಲ್ಲಿ ಎರಡು ಹಿಡಿಕೆ. ಹಿಡಿಕೆಗಳು ಸಣ್ಣ ಮೋಟಾರುಗಳಿಗೆ ಜೋಡಿಸಿರುತ್ತವೆ. ಹಿಡಿಕೆ ಸರಿದಂತೆ ತೆರೆಯ ಮೇಲೆ ಬ್ಲೇಡು ಸರಿಯುತ್ತದೆ, ಬ್ಲೇಡು ಬಿಳಿಪದರಕ್ಕೆ ತಾಗಿದ ಕೂಡಲೇ ಮೋಟಾರು ಹಿಡಿಕೆಯನ್ನು ಹಿಂದಕ್ಕೆ ಒತ್ತುತ್ತದೆ. ಕಣ್ಣಿಗೆ ಚಿತ್ರ ಸರಾಗವಾಗಿ ಕಾಣಲು ಸೆಕೆಂಡಿಗೆ ಮೂವತ್ತು ಅರವತ್ತು ಸಲ ಬದಲಾದರೆ ಸಾಕು. ಕೈಗೆ ಸಾಲದು. ಗಟ್ಟಿಯಾದದ್ದನ್ನು ಮುಟ್ಟಿದ ಭಾವನೆ ಬರಲು ಸೆಕೆಂಡಿಗೆ ಸುಮಾರು 1,000 ಸಲ ಕಂಪ್ಯೂಟರು ಲೆಕ್ಕ ಹಾಕಿ ಒತ್ತಡ ಬದಲಿಸಬೇಕು, ಇಲ್ಲದಿದ್ದರೆ ಹಿಡಿಕೆ ನಡುಗುತ್ತದೆ. ಈ ಒತ್ತಡ ಹರಿಯುವ, ಹಿಗ್ಗುವ, ಜಾರುವ ಮಾಂಸದ್ದಾದ್ದರಿಂದ ಲೆಕ್ಕ ಇನ್ನೂ ತೊಡಕು. ಇದನ್ನು ಬಿಡಿಸಲು ಗಣಿತಜ್ಞರೂ ಎಂಜಿನಿಯರುಗಳೂ ವರ್ಷಗಟ್ಟಲೆ ದುಡಿದಿದ್ದಾರೆ.

ಯಂತ್ರ ಇನ್ನೊಂದು ಕೆಲಸ ಮಾಡುತ್ತದೆ. ಬ್ಲೇಡು ಎಷ್ಟು ಆಳದಲ್ಲಿತ್ತು, ಕೈ ಎಷ್ಟು ನಡುಗಿತು, ಪಟಲದ ಒಳಮೈಗೆ ಎಷ್ಟು ಸಲ ತಾಗಿತು ಎಂದು ದಾಖಲಿಸುತ್ತದೆ. ಹಿರಿಯ ಸರ್ಜನ್ ಪಕ್ಕದಲ್ಲಿದ್ದರೂ ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಮತ್ತೆ, ಹಿಂಪೊರೆ ಹರಿದರೆ ಯಂತ್ರದಲ್ಲಿ ಹೊಸ ಕಣ್ಣು ತೆರೆದುಕೊಳ್ಳುತ್ತದೆ. ಅದೇ ಹಂತವನ್ನು ಬೇಕಾದಷ್ಟು ಸಲ ಮಾಡಬಹುದು. ಕ್ಯಾಂಪಿನಲ್ಲಿ ವರ್ಷಕ್ಕೊಮ್ಮೆ ಎದುರಾಗುವ ತೊಂದರೆಯನ್ನು ಒಂದು ಮಧ್ಯಾಹ್ನದಲ್ಲಿ ಹತ್ತು ಸಲ ಎದುರಿಸಬಹುದು. ನನಗೆ ಯಂತ್ರದ ದೊಡ್ಡ ಗುಣ ಇದೇ ಅನ್ನಿಸುತ್ತದೆ: ಅಪರೂಪದ ಆಪತ್ತಿಗೂ ಕೈಯನ್ನು ಮೊದಲೇ ಸಜ್ಜು ಮಾಡುವುದು.

ಯಂತ್ರದಲ್ಲಿ ಕಲಿತದ್ದು ನಿಜವಾದ ಮೈಮೇಲೆ ಕೆಲಸಕ್ಕೆ ಬರುತ್ತದೆಯೇ ಎಂಬುದು ನ್ಯಾಯವಾದ ಅನುಮಾನ. ಇದಕ್ಕೆ ಉತ್ತರ ಮೊದಲು ಬಂದದ್ದು ಪಿತ್ತಕೋಶದ ಶಸ್ತ್ರಚಿಕಿತ್ಸೆಯಿಂದ. ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಪಿತ್ತಕೋಶ ತೆಗೆಯುವ ಲ್ಯಾಪ್ರೋಸ್ಕೋಪಿ ಈಗ ತುಮಕೂರಿನಲ್ಲೂ ಸಾಮಾನ್ಯ. ಅದು ಹೊಸದಾಗಿ ಬಂದಾಗ, 1991ರಲ್ಲಿ ಅಮೆರಿಕದ ದಕ್ಷಿಣ ಭಾಗದ ಸರ್ಜನ್‌ಗಳ ತಂಡವೊಂದು ತಮ್ಮ 1,518 ರೋಗಿಗಳ ಲೆಕ್ಕವನ್ನು ಪ್ರಾಮಾಣಿಕವಾಗಿ ಪ್ರಕಟಿಸಿತು. ಪ್ರತಿ ಸರ್ಜನ್ ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳಕ್ಕೆ ಗಾಯವಾದ ಪ್ರಮಾಣ ಶೇ 2.2. ಆಮೇಲಿನವರಲ್ಲಿ ಶೇ 0.1. ಅಂದರೆ ಮೊದಲ ಹದಿಮೂರರಲ್ಲಿ ಒಬ್ಬರಾಗಿ ಮಲಗಿದವರಿಗೆ ಇಪ್ಪತ್ತು ಪಟ್ಟು ಹೆಚ್ಚು ಅಪಾಯ. ಅವರು ಮಾಡಿದ ತಪ್ಪೇನು? ಮೊದಲು ಬಂದದ್ದು. ಕಲಿಕೆಯ ಬೆಲೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಅಂಕಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

2002ರಲ್ಲಿ ಯೇಲ್ ವಿಶ್ವವಿದ್ಯಾಲಯದವರು 16 ಮಂದಿ ತರಬೇತಿನಿರತ ಸರ್ಜನ್‌ಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ವರ್ಚುವಲ್ ರಿಯಾಲಿಟಿ ಯಂತ್ರದಲ್ಲಿ ಅನುಭವಿಗಳ ಮಟ್ಟ ಮುಟ್ಟುವ ತನಕ ಅಭ್ಯಾಸ ಮಾಡಿತು. ಆಮೇಲೆ ಎಲ್ಲರೂ ನಿಜವಾದ ರೋಗಿಯ ಪಿತ್ತಕೋಶ ಬಿಡಿಸಿದರು. ಯಾರು ಯಾವ ಗುಂಪಿನವರೆಂದು ತಿಳಿಯದವರು ವಿಡಿಯೊ ನೋಡಿ ತಪ್ಪುಗಳನ್ನು ಎಣಿಸಿದರು. ಯಂತ್ರದಲ್ಲಿ ಕಲಿತವರು ಶೇ 29ರಷ್ಟು ಬೇಗ ಮುಗಿಸಿದ್ದರು. ಕಲಿಯದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಪಕ್ಕದ ಅಂಗಾಂಶ ಸುಡುವ ಸಾಧ್ಯತೆ ಐದು ಪಟ್ಟು ಹೆಚ್ಚಿತ್ತು. ಇಲ್ಲಿ ಗಮನಿಸಬೇಕಾದದ್ದು 'ಅನುಭವಿಗಳ ಮಟ್ಟ ಮುಟ್ಟುವ ತನಕ' ಎಂಬ ಷರತ್ತು. ಇಷ್ಟು ಗಂಟೆ ಕೂತರೆ ಸಾಕು ಎಂದಿರಲಿಲ್ಲ. ಒಬ್ಬರಿಗೆ ಬೇಗ ಬರುತ್ತದೆ, ಇನ್ನೊಬ್ಬರಿಗೆ ತಡವಾಗುತ್ತದೆ. ಬರುವ ತನಕ ಮಾಡಿಸುವುದು ಮುಖ್ಯ.

ಕಣ್ಣಿನ ಲೆಕ್ಕ ಬ್ರಿಟನ್ನಿನಿಂದ ಬಂತು. ಅಲ್ಲಿ ಮೊದಲ ಎರಡು ವರ್ಷದ ತರಬೇತಿಯಲ್ಲಿದ್ದ 265 ವೈದ್ಯರು ಮಾಡಿದ 17,831 ಪೊರೆ ಶಸ್ತ್ರಚಿಕಿತ್ಸೆಗಳ ದಾಖಲೆಯನ್ನು ಪರಿಶೀಲಿಸಿದಾಗ, 2009ರಲ್ಲಿ ಶೇ 4.2 ಇದ್ದ ಹಿಂಪೊರೆ ಹರಿತ 2015ರಲ್ಲಿ ಶೇ 2.6ಕ್ಕೆ ಇಳಿದಿತ್ತು. ಆ ವರ್ಷಗಳಲ್ಲೇ ಅಲ್ಲಿನ ತರಬೇತಿ ಕೇಂದ್ರಗಳಿಗೆ ಐಸಿ ಎಂಬ ಸಿಮ್ಯುಲೇಟರ್ ಬಂದದ್ದು, ಇಳಿಕೆಗೆ ಅದು ಕಾರಣವಿರಬಹುದೆಂದು ಅಧ್ಯಯನಕಾರರು ಹೇಳಿದ್ದಾರೆ. ನಮ್ಮ ದೇಶದ್ದೇ ಒಂದು ಪರೀಕ್ಷೆ 2021ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಬಂತು: ಅದುವರೆಗೆ ಎಸ್‌ಐಸಿಎಸ್ ಮಾಡದ ಯುವ ವೈದ್ಯರಲ್ಲಿ, ಸಿಮ್ಯುಲೇಟರ್‌ನಲ್ಲಿ ಪಳಗಿ ಬಂದವರು ರೋಗಿಗಳ ಮೇಲೆ ಮಾಡಿದ ಮೊದಲ ಶಸ್ತ್ರಚಿಕಿತ್ಸೆಗಳಲ್ಲಿ ತಪ್ಪುಗಳು ಕಡಿಮೆ ಇದ್ದವು.

ಅದೇ 2021ರಲ್ಲಿ ಬಂದ ಇನ್ನೊಂದು ವರದಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರ. ಕೀನ್ಯಾ, ತಾಂಜಾನಿಯಾ, ಉಗಾಂಡ, ಜಿಂಬಾಬ್ವೆಯ ತರಬೇತಿನಿರತ ಕಣ್ಣಿನ ವೈದ್ಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೃತಕ ಕಣ್ಣುಗಳ ಮೇಲೆ ಬಿಗಿಯಾದ ತರಬೇತಿ ಕೊಟ್ಟರು. ಮುಂದಿನ ಒಂದು ವರ್ಷದಲ್ಲಿ ಆ ಗುಂಪಿನವರು ಸರಾಸರಿ 21.5 ಶಸ್ತ್ರಚಿಕಿತ್ಸೆ ಮಾಡಿದರು, ತರಬೇತಿ ಸಿಗದವರು 8.5. ಹಿಂಪೊರೆ ಹರಿತ ಮೊದಲ ಗುಂಪಿನಲ್ಲಿ ಶೇ 7.8, ಎರಡನೆಯದರಲ್ಲಿ ಶೇ 26.6. ನಾಲ್ಕು ಕಣ್ಣಿಗೆ ಒಂದರಂತೆ! ಅಭ್ಯಾಸವಿಲ್ಲದೆ ರೋಗಿಯ ಕಣ್ಣಿಗೆ ನೇರ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಇನ್ನೊಂದು ಪಾಠವೂ ಇದರಲ್ಲಿದೆ. ಅಲ್ಲಿ ಬಳಸಿದ್ದು ಪ್ಲಾಸ್ಟಿಕ್‌ನಂಥ ವಸ್ತುವಿನ ಕಣ್ಣು, ಕೋಟಿ ಬೆಲೆಯ ಕಂಪ್ಯೂಟರಲ್ಲ. ವರ್ಚುವಲ್ ರಿಯಾಲಿಟಿ ಇದ್ದರೆ ಒಳ್ಳೆಯದು. ಇಲ್ಲ ಎಂಬ ನೆಪದಲ್ಲಿ ಅಭ್ಯಾಸವನ್ನೇ ಬಿಡುವಂತಿಲ್ಲ.

ಈ ಯಂತ್ರಗಳು ಹೊರದೇಶದಿಂದಲೇ ಬರಬೇಕೆಂದೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ.ಕೆ. ಅನಂತಸುರೇಶ್ ಅವರ ಪ್ರಯೋಗಾಲಯದ ಸಂಶೋಧನೆಯಿಂದ ಹುಟ್ಟಿದ ಮಿಮಿಕ್ ಎಂಬ ಕಂಪನಿ ಎಂಡೋಮಿಮಿಕ್ ಎಂಬ ಸಿಮ್ಯುಲೇಟರ್ ತಯಾರಿಸಿದೆ. ಬಾಯಿಯಿಂದಲೋ ಗುದದ್ವಾರದಿಂದಲೋ ಕೊಳವೆ ಇಳಿಸಿ ಜಠರ, ಕರುಳು ನೋಡುವ ಎಂಡೋಸ್ಕೋಪಿಯನ್ನು ಅದು ಕಲಿಸುತ್ತದೆ. ಕೊಳವೆ ತಿರುವಿನಲ್ಲಿ ಸಿಕ್ಕಿಕೊಂಡಾಗ ಕೈಗೆ ಬರುವ ಬಿಗಿತವನ್ನು ಅದು ಹಿಡಿಕೆಗೆ ಮರಳಿಸುತ್ತದೆ. ನಮ್ಮ ಎಂಜಿನಿಯರುಗಳು ನಮ್ಮ ವೈದ್ಯರ ಜೊತೆ ಕೂತು ಇಂಥದನ್ನು ಮಾಡಬಲ್ಲರು ಎಂಬುದು ಸಾಬೀತಾಗಿದೆ. ಹಳ್ಳಿಗರ ಕಂದು ಪೊರೆಯ ಗಡಸುತನ ತಿಳಿದ ಪೊರೆ ಸಿಮ್ಯುಲೇಟರ್ ಇಲ್ಲಿಯೇ ತಯಾರಾಗಲಿ ಎಂದು ನಾನು ಆಶಿಸುತ್ತೇನೆ.

ಯಂತ್ರಕ್ಕೆ ಬಾರದ್ದೂ ಬಹಳ ಇದೆ. ಯಂತ್ರದ ಕಣ್ಣಿಗೆ ಕೆಮ್ಮು ಬರುವುದಿಲ್ಲ. ಹೊಗೆ ಒಲೆಯ ಮುಂದೆ ಬದುಕು ಕಳೆದ ಅಜ್ಜಿಗೆ ಸುರಂಗ ಕೊರೆಯುವ ಹೊತ್ತಿನಲ್ಲೇ ಕೆಮ್ಮು ಬರುತ್ತದೆ. ಬೆನ್ನು ಬಾಗಿದ ತಾತನನ್ನು ಮಟ್ಟಸವಾಗಿ ಮಲಗಿಸಲು ಆಗುವುದಿಲ್ಲ. 'ಅಜ್ಜಿ, ಅಲ್ಲಾಡಬ್ಯಾಡಿ, ಆ ಬೆಳಕೇ ನೋಡ್ತಾ ಇರಿ' ಎಂದು ಶಿರಾದಲ್ಲಿ ಹೇಳಿದರೆ ಸಾಕು. ಪಾವಗಡದಲ್ಲಿ ಮನೆಮಾತು ತೆಲುಗಾದವರು ಬಹಳ. ಹೆದರಿ ಕಣ್ಣು ಬಿಗಿ ಹಿಡಿದ ಮುದುಕಿಗೆ 'ಕದಲೊದ್ದಮ್ಮಾ' ಎಂಬ ಒಂದೇ ಮಾತು ಅರ್ಧ ಕೆಲಸ ಮಾಡುತ್ತದೆ. ಯಾವಾಗ ನಿಲ್ಲಿಸಬೇಕು, ಯಾವಾಗ ಹಿರಿಯರನ್ನು ಕೂಗಬೇಕು ಎಂಬ ತೀರ್ಮಾನವೂ ಮನುಷ್ಯರ ಜೊತೆ ಇದ್ದೇ ಬರಬೇಕು. ಸಿಮ್ಯುಲೇಟರ್ ಗುರುವಿನ ಜಾಗಕ್ಕೆ ಬರುವಂಥದ್ದಲ್ಲ. ಪಕ್ಕದಲ್ಲಿ ಕೂತು ತಿದ್ದುವವರಿಲ್ಲದಿದ್ದರೆ ಕಲಿಯುವವರು ತಪ್ಪನ್ನೇ ಚೆನ್ನಾಗಿ ರೂಢಿಸಿಕೊಳ್ಳುತ್ತಾರೆ. ಪರಿಶೀಲನೆಗೆ ಬಂದವರಿಗೆ ತೋರಿಸಲು ಯಂತ್ರ ಕೊಂಡು, ಆಮೇಲೆ ಕೋಣೆಗೆ ಬೀಗ ಹಾಕುವ ಅಭ್ಯಾಸ ನಮ್ಮ ದೇಶಕ್ಕೆ ಹೊಸದಲ್ಲ. ಯಂತ್ರದ ಬೆಲೆಗಿಂತ ಅದನ್ನು ಕಲಿಸುವ ಒಬ್ಬ ಶಿಕ್ಷಕರ ಸಮಯಕ್ಕೆ ದುಡ್ಡಿಡುವುದು ಕಷ್ಟವಾಗಿ ಕಾಣುವುದು ಬೇಸರದ ಸಂಗತಿ.

ಪ್ರತಿ ಮೆಡಿಕಲ್ ಕಾಲೇಜಿನಲ್ಲೂ ಕೌಶಲ ಪ್ರಯೋಗಾಲಯ ಇರಬೇಕೆಂದು 2019ರ ಎಂಬಿಬಿಎಸ್ ಪಠ್ಯಕ್ರಮವೇ ಹೇಳಿದೆ. ಇಂಜೆಕ್ಷನ್ ಕೊಡುವುದು, ಹೊಲಿಗೆ ಹಾಕುವುದು, ಎದೆ ಒತ್ತಿ ಉಸಿರು ಮರಳಿಸುವುದು ಇತ್ಯಾದಿ ಬೊಂಬೆಗಳ ಮೇಲೆ ಈಗ ಕಲಿಸುತ್ತಾರೆ. ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಇದನ್ನು ಮುಂದುವರಿಸಲು ತುಮಕೂರಿನಂಥ ಜಿಲ್ಲೆಗೆ ಒಂದು ಅನುಕೂಲ ಒದಗಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ 'ಜಿಲ್ಲಾ ರೆಸಿಡೆನ್ಸಿ' ನಿಯಮ ಈಗ ಜಾರಿಯಲ್ಲಿದೆ. ಅವರು ಬರುವುದರಿಂದ ನಮ್ಮ ಜನಕ್ಕೆ ವೈದ್ಯರು ಸಿಗುತ್ತಾರೆ, ಅದನ್ನು ಸ್ವಾಗತಿಸುತ್ತೇನೆ. ಆದರೆ ಕಾಲೇಜಿನಲ್ಲಿ ಸಿಗದ ಕಟಿಂಗ್ ಜಿಲ್ಲೆಯಲ್ಲಿ ಸಿಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಅವರು ಬರಬಾರದು. ಕಾಲೇಜಿನಿಂದ ಹೊರಡುವ ಮೊದಲು ಸಿಮ್ಯುಲೇಟರ್‌ನಲ್ಲೋ ಕೃತಕ ಕಣ್ಣಿನಲ್ಲೋ ಗೊತ್ತಾದ ಮಟ್ಟ ಮುಟ್ಟಿರಬೇಕು. ಮುಟ್ಟಿದ್ದಾರೆಂಬ ದಾಖಲೆ ಅವರ ಲಾಗ್‌ಬುಕ್ಕಿನಲ್ಲಿರಬೇಕು.

ಪ್ರತಿ ಕಾಲೇಜೂ ಒಂದೊಂದು ದುಬಾರಿ ಯಂತ್ರ ಕೊಳ್ಳಬೇಕಾಗಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಅಡಿಯಲ್ಲಿ ವಿಭಾಗಕ್ಕೊಂದು ಕೇಂದ್ರ ಮಾಡಿ, ವರ್ಷಪೂರ್ತಿ ಸರದಿಯ ಮೇಲೆ ವಿದ್ಯಾರ್ಥಿಗಳನ್ನು ಕರೆಸಬಹುದು. ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ, ಪೊರೆ ಆಪರೇಷನ್‌ಗೆ ಕಳಿಸುವ 'ಆಶಾಕಿರಣ' ಯೋಜನೆಯನ್ನು ರಾಜ್ಯ ಸರ್ಕಾರ ಆರಂಭಿಸಿದೆ. ಪೊರೆ ಇರುವವರನ್ನು ಹುಡುಕಿ ತಂದಷ್ಟೂ ಅದನ್ನು ತೆಗೆಯುವ ಕೈಗಳು ಹೆಚ್ಚು ಬೇಕಾಗುತ್ತವೆ. ಆ ಯೋಜನೆಯ ಹಣದಲ್ಲೇ ಒಂದು ಪಾಲನ್ನು ಕೈ ಪಳಗಿಸುವ ಕೇಂದ್ರಕ್ಕೆ ಎತ್ತಿಡುವುದು ತರ್ಕಬದ್ಧ.

ರೋಗಿಗಳ ಕಡೆಯವರು ತಿಳಿದಿರಬೇಕಾದದ್ದೂ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ತನಗೆ ಚಿಕಿತ್ಸೆ ಕೊಡುವವರು ಯಾರು, ಅವರ ಅರ್ಹತೆ ಏನು ಎಂದು ತಿಳಿಯುವ ಹಕ್ಕು ಸೇರಿದೆ. ಉಚಿತ ಚಿಕಿತ್ಸೆ ಎಂಬ ಕಾರಣಕ್ಕೆ ಅದು ಕಳೆದುಹೋಗುವುದಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಮಗನೋ ಮಗಳೋ 'ಆಪರೇಷನ್ ಯಾರು ಮಾಡ್ತಾರೆ ಸಾರ್? ಕಲೀತಿರೋರು ಮಾಡಿದ್ರೆ ದೊಡ್ಡ ಡಾಕ್ಟ್ರು ಪಕ್ಕದಲ್ಲಿ ಇರ್ತಾರಾ?' ಎಂದು ಮರ್ಯಾದೆಯಿಂದ ಕೇಳಬಹುದು. ಯಂತ್ರದ ಮುಂದೆ ತಿಂಗಳುಗಟ್ಟಲೆ ಕೂತು ಕೈ ಪಳಗಿಸಿಕೊಂಡ ಯುವ ವೈದ್ಯೆಗೆ ಆ ಪ್ರಶ್ನೆಗೆ ಉತ್ತರ ಕೊಡಲು ಸಂಕೋಚವಾಗುವುದಿಲ್ಲ. 'ನಾನೇ ಮಾಡ್ತೀನಿ, ನಮ್ಮ ಮೇಡಂ ಪಕ್ಕದಲ್ಲೇ ಇರ್ತಾರೆ, ಇಷ್ಟು ಅಭ್ಯಾಸ ಮಾಡ್ಕೊಂಡು ಬಂದಿದ್ದೀನಿ' ಎಂದು ಅವರು ಲಾಗ್‌ಬುಕ್ ತೆರೆದು ತೋರಿಸಬಹುದು.